ನಿಂತು ಒರೆಸುವುದು

ಮನೆಯಲ್ಲಿ ನಾಯಿ ಇದೆ ಎಂದು ಮಾಧವಿ ಸುಳ್ಳು ಹೇಳಿದಳು. ಸೇಲ್ಸ್‌ಮನ್ ಪರ್ವೇಜ್ ಕೇಳಿದ್ದು ತೀರ ಸಾಮಾನ್ಯವಾದ ಪ್ರಶ್ನೆ. ಸೂಪರ್ ಮಾರ್ಕೆಟ್ ಪೇಟೆಯ ಆ ಅಂಗಡಿಯಲ್ಲಿ ಫ್ರಿಜ್ಜುಗಳ ಸಾಲು ದಾಟಿಸಿ ಅವಳನ್ನು ಒಂದು ಮೂಲೆಗೆ ಕರೆತಂದು, ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಒರೆಸುವ ಮಷೀನುಗಳನ್ನು ತೋರಿಸಿ, 'ನೆಲದ ಮ್ಯಾಲೆ ಜಾಸ್ತಿ ಏನು ಬೀಳ್ತದ್ರಿ ಮೇಡಂ? ಬರೇ ಧೂಳೋ, ನೀರು ಗೀರೂ ಬೀಳ್ತದೋ? ಅದರ ಮ್ಯಾಲೆ ಯಾವ್ದು ತಗೋಬೇಕಂತ ಹೇಳ್ತೀನಿ' ಎಂದಿದ್ದ. ನೀರು ಎಂಬ ಮಾತು ಕೇಳಿದ್ದೇ ಅವಳ ಕಿವಿ ಬಿಸಿಯಾಯಿತು. ಹಿಂದೆ ನಿಂತು ಮಿಕ್ಸರ್ ನೋಡುತ್ತಿದ್ದ ದಂಪತಿಗಳಿಗೂ ಕೇಳಿಸಿತೇನೋ ಎನಿಸಿತು. 'ನಾಯಿ ಅದ,' ಎಂದಳು. 'ಮುದಿ ನಾಯಿ. ಎಲ್ಲಿ ಬೇಕಲ್ಲಿ ಒಂದ ಮಾಡ್ತದ.' ಮುದಿ ಎಂಬ ಮಾತನ್ನು ಸೇರಿಸಬೇಕಾಗಿರಲಿಲ್ಲ. ಅದು ತಾನಾಗಿಯೇ ಬಂತು, ಬಹಳ ದಿನಗಳಿಂದ ಬಾಯಿಯೊಳಗೆ ಕೂತಿದ್ದಂತೆ. ಪರ್ವೇಜ್ ನಗಲಿಲ್ಲ. 'ಪಾಪ,' ಎಂದ, 'ವಯಸ್ಸಾದ ಮ್ಯಾಲೆ ಅದರ ಕೈಯಾಗ ಏನದರಿ. ಅದಕ್ಕೂ ನಾಚಿಕಿ ಇರ್ತದ, ಹೇಳ್ಳಿಕ್ಕೆ ಬರೂದಿಲ್ಲ ಅಷ್ಟೆ.' ಮಾಧವಿ ಬೇರೆ ಕಡೆ ನೋಡಿದಳು. ಗುರುತಿಲ್ಲದ ಒಬ್ಬ ಮನುಷ್ಯ ಇಲ್ಲದ ನಾಯಿಯ ಮೇಲೆ ತೋರಿದ ಕರುಣೆ, ತಾನು ಇರುವ ಅತ್ತೆಯ ಮೇಲೆ ಇಷ್ಟು ದಿನ ತೋರಿದ್ದಕ್ಕಿಂತ ಹೆಚ್ಚಾಗಿತ್ತು.

ನೆಲ ಯಾವುದು ಎಂದು ಅವನು ಕೇಳಿದ. ಶಹಾಬಾದ್ ಕಲ್ಲಿನ ಫರಸಿ ಎಂದಳು. ಗಾಜಿಪುರ ಓಣಿಯ ಆ ಮನೆಯ ಫರಸಿಗಳು ನಡೆದೂ ನಡೆದೂ ನಡುವೆ ನುಣುಪಾಗಿ, ಅಂಚುಗಳಲ್ಲಿ ಮಾತ್ರ ತಮ್ಮ ಒರಟುತನವನ್ನು ಉಳಿಸಿಕೊಂಡಿದ್ದವು. ಅವುಗಳ ಪರಿಚಯ ಅವಳಿಗೆ ಮೊದಲು ಆದದ್ದು ಮೊಣಕಾಲುಗಳಿಂದ. ಮದುವೆಯಾಗಿ ಬಂದ ಮೊದಲ ವಾರ, ಕೆಲಸದವಳು ಹಿತ್ತಲಲ್ಲಿ ಪಾತ್ರೆ ತೊಳೆದು ಹೋದ ಮೇಲೆ, ಪಡಸಾಲೆ, ಅಡಿಗೆಮನೆ, ದೇವರ ಮನೆ ಸೊಸೆಯ ಪಾಲಿಗೆ ಉಳಿಯುತ್ತವೆ ಎಂದು ಯಾರೂ ಹೇಳದೆಯೇ ಗೊತ್ತಾಯಿತು. ಅವಳು ಬಟ್ಟೆ ಹಿಂಡಿ ಮೊಣಕಾಲೂರಿ ಒರೆಸುತ್ತ ಹಿಂದೆ ಹಿಂದೆ ಸರಿದಂತೆ, ಅತ್ತೆ ಮಥುರಾಬಾಯಿ ಬರಿಗಾಲಲ್ಲಿ ಮುಂದೆ ಮುಂದೆ ಬರುವರು. ಹಿಮ್ಮಡಿಯನ್ನು ನೆಲಕ್ಕೆ ತಿಕ್ಕಿ ನೋಡುವರು. ಎಲ್ಲಾದರೂ ಉಸುಕು ಕಾಲಿಗೆ ತಾಗಿದರೆ ಅಲ್ಲೇ ನಿಂತುಬಿಡುವರು. ಬೈಯುತ್ತಿರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಸುಮ್ಮನೆ ನಿಂತಿರುವರು, ಅವಳು ತೆವಳಿಕೊಂಡು ಬಂದು ಅವರ ಪಾದದ ಸುತ್ತ ಮತ್ತೆ ಒರೆಸುವ ತನಕ. ಒಮ್ಮೆ ಗಂಡನ ಸೋದರಮಾವ ಪಡಸಾಲೆಯ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಾಗ, ಕಾಲು ಎತ್ತಿರೆನ್ನಲು ಧೈರ್ಯ ಸಾಲದೆ ಅವಳು ಕಾಲುಗಳನ್ನು ಬಿಟ್ಟು ಒರೆಸಿದ್ದಳು. ಮಾತು ನಿಲ್ಲಿಸದೆ, ಕೆಳಗೆ ನೋಡದೆ ಕೂತಿದ್ದ ಆ ಮನುಷ್ಯ ಎದ್ದು ಹೋದ ಮೇಲೆ ಒದ್ದೆ ಕಲ್ಲಿನ ಮಧ್ಯೆ ಎರಡು ಒಣ ಪಾದಗಳು ಉಳಿದವು. ಆಗ ಅವಳು ಎಂ.ಎಸ್ಸಿ. ಮುಗಿಸಿದ್ದಳು. ಈಗ ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ, ಕರಿಹಲಗೆಯ ಮುಂದೆ ನಿಂತರೆ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಾರೆ. ಆದರೆ ನೆಲಕ್ಕೆ ಬಗ್ಗಿದ ಕೂಡಲೇ ಅದೇ ವಾರದ ಸೊಸೆಯಾಗುತ್ತಾಳೆ.

ಪರ್ವೇಜ್ ತನ್ನ ಚಹಾದ ಅರ್ಧ ಕಪ್ಪನ್ನು ಟೈಲ್ಸಿನ ಮೇಲೆ ಚೆಲ್ಲಿದ. ಇಷ್ಟು ಸಲೀಸಾಗಿ, ಯಾರಿಗೂ ಹೆದರದೆ ಒಬ್ಬರು ನೆಲದ ಮೇಲೆ ಚೆಲ್ಲಬಹುದೆಂಬುದೇ ಅವಳಿಗೆ ಹೊಸದಾಗಿತ್ತು. ಮೊದಲನೆಯ ಮಷೀನು ಸಪೂರವಾದದ್ದು, ಒಂದೇ ಕೈಯಲ್ಲಿ ಎತ್ತಬಹುದು. ವೈರಿಲ್ಲ, ಚಾರ್ಜು ಮಾಡಿಟ್ಟರೆ ಸಾಕು. ಮುಂದಿನ ರೋಲರು ಒದ್ದೆಯಾಗಿ ತಿರುಗುತ್ತ ಹೋದಂತೆ ಚಹಾ ಮಾಯವಾಯಿತು. ಹೊಲಸು ನೀರು ಮೇಲಿನ ಡಬ್ಬಿಯಲ್ಲಿ ಕಂದು ಬಣ್ಣದಲ್ಲಿ ತುಳುಕಾಡಿತು. 'ಲೇಡೀಸಿಗೆ ಇದ ಆರಾಮ್ರಿ,' ಎಂದ. ಅವಳು ತಾನೇ ಹಿಡಿದು ನಡೆಸಿದಳು. ನಡೆಸಿ ಕೈಬಿಟ್ಟಾಗ ಅದು ದಡಕ್ಕನೆ ಬಿತ್ತು. ಎತ್ತಿಕೊಳ್ಳಲು ಅವಳು ಬಗ್ಗಿದಳು. ಬಗ್ಗಿದವಳಿಗೆ ಎಡಗಾಲಿನ ಮಂಡಿಯೊಳಗೆ ಸಣ್ಣ ಕಲ್ಲು ಉರುಳಿದಂತಾಗಿ, ಎಲ್ಲಿಲ್ಲದ ಸಿಟ್ಟು ಬಂತು. 'ಇದು ತಾನ ನಿಂದರೂದಿಲ್ಲೇನು?' ಎಂದಳು. ನಿಲ್ಲುವುದು ಪಕ್ಕದ್ದು, ಆದರೆ ತೂಕ ಜಾಸ್ತಿ ಎಂದ ಪರ್ವೇಜ್. ಮೆಟ್ಟಿಲು ಹತ್ತಿಸುವುದು ತ್ರಾಸು, ಆದರೆ ಸಪಾಟು ನೆಲದ ಮೇಲೆ ಗಾಲಿಗಳು ತಾವೇ ಎಳೆದುಕೊಂಡು ಹೋಗುತ್ತವೆ, ಹಿಡಿಕೆ ಹಿಡಿದು ಹಿಂದೆ ನಡೆದರಾಯಿತು. 'ಯಾರು ನಡಸೋರು ಇದ್ದೀರಿ?' ಎಂದು ಕೇಳಿದ. 'ನಾನ. ಮತ್ಯಾರು?' ಎಂದಳು; ಪ್ರಶ್ನೆಗೆ ಬೇಕಾದದ್ದಕ್ಕಿಂತ ಗಟ್ಟಿಯಾಗಿ. ಭಾರದ ಮಷೀನು ಅವಳ ಕೈಯನ್ನು ಮೆಲ್ಲಗೆ ಮುಂದಕ್ಕೆ ಎಳೆಯಿತು. ಅವನು ಮತ್ತೆ ಚೆಲ್ಲಿದ ಉಳಿದ ಚಹಾದ ಮೇಲೆ ಹಾದು, ಒಣಗಿದ ದಾರಿಯೊಂದನ್ನು ಹಿಂದೆ ಬಿಟ್ಟು, ಕೈಬಿಟ್ಟಾಗ ಬೆನ್ನು ನೆಟ್ಟಗೆ ಮಾಡಿ ನಿಂತುಕೊಂಡಿತು. ಸಂದಿಗಳಲ್ಲಿ ನಿಂತ ನೀರನ್ನು ಎಳೆಯುತ್ತದೆಯೇ, ವಾಸನೆ ಉಳಿಯುತ್ತದೆಯೇ ಎಂದು ಕೇಳಿದಳು. 'ಬಟ್ಟಿಲೆ ಒರಸಿದ್ರ ಅದು ಸಂದ್ಯಾಗ ಹೋಗಿ ಕೂಡ್ತದ್ರಿ. ಇದು ಮ್ಯಾಲೆ ಎಳಕೋತದ. ಡಬ್ಬಿ ಮಾತ್ರ ಆಗಿಂದಾಗ ಚೆಲ್ಲಬೇಕು, ಇಟ್ಟಿರೋ, ನಾತ ಹೊಡೀತದ.' ಸಾಹೇಬರನ್ನು ಒಂದು ಮಾತು ಕೇಳಿ ನೋಡ್ತೀರಾ ಎಂದಾಗ ಅವಳು ಬ್ಯಾಗಿನಿಂದ ತನ್ನ ಕಾರ್ಡನ್ನು ಆಗಲೇ ತೆಗೆದಿದ್ದಳು.

ಆಟೋದಲ್ಲಿ ಪೆಟ್ಟಿಗೆಯನ್ನು ಮಗುವಿನಂತೆ ಅಪ್ಪಿಕೊಂಡು ಕೂತಾಗ, ಹೊಸ ಸಾಮಾನಿನ ರಟ್ಟಿನ ವಾಸನೆಯ ನಡುವೆಯೂ ಆ ಇನ್ನೊಂದು ವಾಸನೆ ಅವಳ ಮೂಗಿನಲ್ಲಿತ್ತು. ಮೊದಲ ಸಲ ನೆಲದ ಮೇಲೆ ಆ ನೀರು ಕಂಡದ್ದು ಒಂದು ಬೆಳಿಗ್ಗೆ, ಅತ್ತೆಯ ಕುರ್ಚಿಯ ಕೆಳಗೆ. ಮಥುರಾಬಾಯಿ ತಮ್ಮ ಹಳೆಯ ನೂಲಿನ ಸೀರೆಯನ್ನು ಅದರ ಮೇಲೆ ಹಾಸಿ, ಸೀರೆಯ ಮೇಲೆ ಎರಡೂ ಪಾದಗಳನ್ನಿಟ್ಟು, ಜಪಮಣಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ರೆಪ್ಪೆಗಳು ಮಾತ್ರ ನಡುಗುತ್ತಿದ್ದವು. ಆ ಕ್ಷಣ ಮಾಧವಿಗೆ ಆದದ್ದು ಕನಿಕರವಲ್ಲ. ಎದೆಯೊಳಗೆ ಯಾವುದೋ ಬಾಗಿಲು ತೆರೆದು ತಂಪು ಗಾಳಿ ಬಂದಂತೆ ಹಾಯೆನಿಸಿತು. ಅವಳು ಶಾಲೆಗೆ ರಜೆ ಹಾಕಿದ್ದಳು, ಕೈಯಲ್ಲಿ ಬಟ್ಟೆಯೂ ಇತ್ತು. ಆದರೂ ಒರೆಸದೆ, ಮಧ್ಯಾಹ್ನದವರೆಗೆ ಅದೇ ಕೋಣೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದಳು, ತನಗೆ ಗೊತ್ತಾಗಿದೆ ಎಂಬುದು ಅವರಿಗೂ ಗೊತ್ತಾಗಲಿ ಎಂದು. ಆಮೇಲೆ ಒರೆಸಿದಳು. ಅದಾದ ಮೇಲೆ ದಿನವೂ ಅದೇ ಆಯಿತು: ಸೀರೆ, ಜಪಮಣಿ, ಬಟ್ಟೆ, ಮೌನ. ಡಾಕ್ಟರರ ಬಳಿ ಕರೆದೊಯ್ಯೋಣ ಎಂದರೆ, ನನಗೇನಾಗಿದೆ ಎಂದು ಅತ್ತೆ ಮುಖ ತಿರುಗಿಸಿದರು.

ನಾಳೆ ಭಾನುವಾರ. ತಿಂಗಳಿಗೊಮ್ಮೆ ಅವರ ಪಡಸಾಲೆಯಲ್ಲಿ ಸ್ತೋತ್ರ ಪಾರಾಯಣ ನಡೆಯುತ್ತದೆ, ಓಣಿಯ ಹತ್ತಾರು ಮನೆಯವರು ಬರುತ್ತಾರೆ. ಗಂಡ ಸುಜಯೀಂದ್ರನಿಗೆ ಈ ವಾರವೆಲ್ಲ ಅದೇ ಚಿಂತೆ. ತಾಯಿಯನ್ನು ಆ ಒಂದು ದಿನವಾದರೂ ಕಮಲಾಪುರದಲ್ಲಿರುವ ತಂಗಿ ಮಂಜುಷಾಳ ಮನೆಯಲ್ಲಿ ಬಿಡಬೇಕೆಂದು ಅವನ ಯೋಚನೆ. ಅದನ್ನು ತಂಗಿಯನ್ನು ಕೇಳುವ ಕೆಲಸವನ್ನು, ನೀನು ದಿನಾ ಅಲ್ಲೇ ಹೋಗುತ್ತೀಯಲ್ಲ ಎಂದು, ಹೆಂಡತಿಗೆ ಒಪ್ಪಿಸಿದ್ದ. ನಿನ್ನೆ ಶಾಲೆ ಬಿಟ್ಟ ಮೇಲೆ ಮಾಧವಿ ಹೋಗಿದ್ದಳು. ಮಂಜುಷಾ ಕೆಂಪು ಬಾಳೆಹಣ್ಣು ಕೊಟ್ಟು ಕೂಡಿಸಿದಳು. ಮಾತು ಕೇಳುತ್ತಲೇ ಅವಳ ಕಣ್ಣು ಹೋದದ್ದು ತನ್ನ ಮನೆಯ ನೆಲದ ಕಡೆಗೆ. 'ವೈನಿ, ಈಗ ಈಗ ಟೈಲ್ಸ್ ಹಾಕ್ಸೀವಿ. ನಮ್ಮ ಮನ್ಯಾಗ ಇವರು ಭಾಳ ಕಿಟಿಕಿಟಿ ಮಾಡ್ತಾರ. ಆಯಿಗೆ ಅಂಗಡ್ಯಾಗ ಸಿಗ್ತಾವಲ್ಲ, ಅವನ್ನ ಕಟ್ರಿ, ಸಣ್ಣ ಕೂಸಿಗೆ ಕಟ್ಟಿಧಂಗ.' ಮಾಧವಿ ಆಗಲಿ ಎಂದಷ್ಟೇ ಹೇಳಿ ಬಸ್ಸು ಹಿಡಿದಿದ್ದಳು. ದಾರಿಯಲ್ಲಿ ಕಪನೂರಿನ ವರ್ಕ್‌ಶಾಪುಗಳ ಕಬ್ಬಿಣ ಕೊರೆಯುವ ಸದ್ದು ಕಿಟಕಿಯಲ್ಲಿ ಬರುವ ಹೊತ್ತಿಗೆ ಅವಳಿಗೆ ಹೊಳೆಯಿತು: ಮಗ ಕೇಳಲಾರ, ಮಗಳು ಇಟ್ಟುಕೊಳ್ಳಲಾರಳು, ಆ ಮುದುಕಿಯ ದೇಹದ ಗುಟ್ಟು ಗೊತ್ತಿರುವುದು ತನಗೊಬ್ಬಳಿಗೆ, ಅದೂ ಮೊಣಕಾಲೂರಿದವಳಿಗೆ. ಇನ್ನು ಮೊಣಕಾಲೂರುವುದಿಲ್ಲ ಎಂದುಕೊಂಡಳು. ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ. ಮಾಡುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಸೀಟಿನಲ್ಲೇ ಫೋನು ತೆಗೆದು, ಬಗ್ಗದೆ ನೆಲ ಒರೆಸುವ ಮಷೀನು ಯಾವುದೆಂದು ಹುಡುಕತೊಡಗಿದಳು.

ಪೆಟ್ಟಿಗೆ ಬಿಚ್ಚುವಾಗ ಸುಜಯೀಂದ್ರ ಬಾಗಿಲಲ್ಲಿ ನಿಂತಿದ್ದ. ಅವನು ಒಳ್ಳೆಯವನೇ, ಕೈ ಎತ್ತಿದವನಲ್ಲ, ಸಂಬಳ ಕೇಳಿದವನಲ್ಲ. ತಾನು ಒಲ್ಲದ್ದನ್ನು ನೋಡದೆ ಇರುವ ಒಂದು ಶಕ್ತಿ ಅವನಿಗಿತ್ತು. ತಾಯಿಯ ಕೋಣೆಗೆ ಹೋಗುವಾಗ ಅವನ ಕಣ್ಣು ಯಾವಾಗಲೂ ಗೋಡೆಯ ಕ್ಯಾಲೆಂಡರಿನ ಮೇಲಿರುತ್ತಿತ್ತು. 'ಇದೇನಿದು, ಪಡಸಾಲ್ಯಾಗ ವಿಮಾನ ಇಳಿಸಿಧಂಗ,' ಎಂದ. ಅವಳು ಏನೆಂದು ಹೇಳಿದಳು. ಅವನು, 'ಪಡಸಾಲಿಗೆ ಇರಲಿ. ದೇವರ ಮನಿಗೆ ಮಾತ್ರ ತರಬ್ಯಾಡ. ಅದರಾಗ ಹೊಲಸ ನೀರು ತುಂಬಕೊಂಡಿರ್ತದ. ಅಲ್ಲಿ ನೀನು ಮೊದಲಿನಂಗ ಮಡೀಲೆ ಕೈಲೆ ಒರಸು' ಎಂದ.

'ಮೊದಲು ಒಂದ ಬಕೀಟಿನ್ಯಾಗ ಅದ್ದಿ ಅದ್ದಿ ಅದ ನೀರಿಲೆ ಒರಸ್ತಿದ್ದೆ,' ಎಂದಳು ಮಾಧವಿ. 'ಇದರಾಗ ಚೊಲೊ ನೀರು ಬ್ಯಾರೆ, ಹೊಲಸ ನೀರು ಬ್ಯಾರೆ. ಒಂದಕ್ಕೊಂದು ಹತ್ತೂದಿಲ್ಲ. ಯಾವ್ದು ಮಡಿ ನೀವ ಹೇಳ್ರಿ.'

'ಅದು ಹಂಗಲ್ಲ. ಪದ್ಧತಿ ಅಂತ ಒಂದು ಇರ್ತದ.'

'ಇರಲಿ ಬಿಡ್ರಿ. ಹಂಗಾದ್ರ ದೇವರ ಮನಿ ನಾಳಿಂದ ನೀವು ಒರಸ್ರಿ. ನೀವು ಹೆಂಗೂ ಪೂಜಾಕ್ಕ ಮಡಿ ಉಟ್ಟಿರ್ತೀರಿ.'

ಅವನು ನಕ್ಕ. ಅವಳು ನಗದೇ ಇದ್ದುದನ್ನು ಕಂಡು ನಗುವನ್ನು ಅರ್ಧಕ್ಕೇ ನಿಲ್ಲಿಸಿ, ತಾಯಿಯ ಕಡೆಗೆ ತಿರುಗಿದ. ಪದ್ಧತಿಯ ಮಾತು ಬಂದಾಗ ಮಥುರಾಬಾಯಿ ಯಾವ ಕಡೆ ಎಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು ಮಷೀನನ್ನೇ ನೋಡುತ್ತಿದ್ದರು. ಮಗನನ್ನು ಬಿಟ್ಟು ಮಾಧವಿಯನ್ನು ಕೇಳಿದರು: 'ಇದನ್ನ ಯಾರ ಸಲುವಾಗಿ ತಂದಿ?'

ನಿಮ್ಮ ಸಲುವಾಗಿ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಒಳ್ಳೆಯ ಸೊಸೆಯ ಮಾತಾಗುತ್ತಿತ್ತು, ಇರಿತವೂ ಆಗುತ್ತಿತ್ತು. 'ನನ್ನ ಸಲುವಾಗಿ,' ಎಂದಳು ಮಾಧವಿ. 'ನನಗಿನ್ನ ನೆಲಕ್ಕ ಬಗ್ಗಲಿಕ್ಕೆ ಆಗೂದಿಲ್ಲ, ಅತ್ತಿಯವರ. ಆಗ್ತಿದ್ರೂ ನಾ ಬಗ್ಗೂದಿಲ್ಲ.'

ಆ ಕೊನೆಯ ಮಾತು ಹೊರಬಿದ್ದ ಮೇಲೆ ಅದನ್ನು ಹಿಂದೆಗೆದುಕೊಳ್ಳಬೇಕೆಂದು ಅವಳಿಗೆ ಅನಿಸಲಿಲ್ಲ. ಮಥುರಾಬಾಯಿ ತಲೆಯಾಡಿಸಿದರು. 'ಖರೇ ಹೇಳಿದಿ. ನಡಸು, ನೋಡೋಣು.' ಗುಂಡಿ ಒತ್ತಿದೊಡನೆ ಮಷೀನಿನೊಳಗಿಂದ ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಏನೋ ಹೇಳಿತು; ಮಾಧವಿ ಅದನ್ನು ಪಡಸಾಲೆಯ ಉದ್ದಕ್ಕೂ ನಡೆಸಿದಳು. ಹಿಂದಿನಿಂದ ಅತ್ತೆಯ ಕಣ್ಣು ತನ್ನನ್ನು ಹಿಂಬಾಲಿಸುತ್ತಿರುವುದು ಗೊತ್ತಾಗುತ್ತಿತ್ತು. ಹಳೆಯ ಅಭ್ಯಾಸದಿಂದ ಎಲ್ಲಿ ಉಸುಕು ಉಳಿಯಿತೋ ಎಂದುಕೊಂಡಳು. ತಿರುಗಿ ನೋಡಿದರೆ, ಮುದುಕಿ ನೋಡುತ್ತಿದ್ದದ್ದು ನೆಲವನ್ನಲ್ಲ, ಅವಳ ಹೆಬ್ಬೆರಳು ಯಾವ ಗುಂಡಿಯ ಮೇಲಿದೆ ಎಂಬುದನ್ನು.

ಭಾನುವಾರ ಬೆಳಿಗ್ಗೆ ಜನ ಬರುವ ಮೊದಲು ಸುಜಯೀಂದ್ರ ಮಷೀನನ್ನು ಹಿಂದಿನ ಖೋಲಿಗೆ, ತಾಯಿ ಮಲಗುವ ಕೋಣೆಗೆ, ಸಾಗಿಸಿದ. ತಾಯಿಯನ್ನೂ ಅಲ್ಲಿಗೇ ಸಾಗಿಸಿದ. 'ಆಯಿ, ನಿನಗ ಭಾಳ ಹೊತ್ತು ಕೂಡಲಿಕ್ಕೆ ತ್ರಾಸ ಆಗ್ತದ. ಇಲ್ಲೇ ಆರಾಮ ಕೇಳಕೋತ ಕೂಡು,' ಎಂದ, ಕ್ಯಾಲೆಂಡರ್ ನೋಡುತ್ತ. ಆ ಪಡಸಾಲೆಯಲ್ಲಿ ಪಾರಾಯಣ ಶುರು ಮಾಡಿದವರೇ ಮಥುರಾಬಾಯಿ. ಗಂಡಸರು ಸ್ವರ ತಪ್ಪಿದರೂ ಬೆರಳೆತ್ತಿ ನಿಲ್ಲಿಸುತ್ತಿದ್ದವರು. ಮಾಧವಿ ಬಾಗಿಲಲ್ಲಿ ನಿಂತು ನೋಡಿದಳು. ಅವರು ಬರಲಿ ಬಿಡಿ ಎನ್ನಬೇಕಿತ್ತು. ಎನ್ನಲಿಲ್ಲ. ಜಮಖಾನೆ ಹಾಸುವುದಿತ್ತು, ಹಾಸಿದಳು.

ಪಾರಾಯಣ ನಡುವಿಗೆ ಬಂದಿತ್ತು. ಹಿರಿಯರಾದ ಪಾಂಡುರಂಗರಾಯರು ಮುಂದೆ ಹೇಳುತ್ತಿದ್ದರು, ಉಳಿದವರು ಹಿಂದೆ. ಆಗ ಒಳಗಿನಿಂದ ಮಥುರಾಬಾಯಿ ಗೋಡೆ ಹಿಡಿದುಕೊಂಡು ಬಂದರು. ಅವರಿಗಾಗಿ ಕುರ್ಚಿ ಇರಲಿಲ್ಲ. ಪಾಂಡುರಂಗರಾಯರೇ ಎದ್ದು ತಮ್ಮ ಕುರ್ಚಿಯನ್ನು ಕೊಟ್ಟು ಜಮಖಾನೆಯ ಮೇಲೆ ಕೂತರು. ಸುಜಯೀಂದ್ರ ಕಣ್ಣು ಮುಚ್ಚಿಕೊಂಡ. ಮುದುಕಿಯ ಧ್ವನಿ ಸೇರಿದ್ದೇ ಪಠಣಕ್ಕೆ ಬೆನ್ನೆಲುಬು ಬಂದಂತಾಯಿತು. ಎಳೆಯುತ್ತಿದ್ದವರು ಚುರುಕಾದರು, ಅಕ್ಷರ ನುಂಗುತ್ತಿದ್ದವರು ಬಾಯಿ ಬಿಟ್ಟರು. ಮಾಧವಿಗೆ ಒಂದು ಕ್ಷಣ ಎಲ್ಲವೂ ಸರಿಹೋಯಿತು ಎನಿಸಿತು. ಆಮೇಲೆ ಆ ಧ್ವನಿ ಒಂದು ನಾಮದ ನಡುವೆ ನಿಂತಿತು. ಕುರ್ಚಿಯ ಕಾಲಿನ ಬಳಿ ಫರಸಿಯ ಮೇಲೆ ಸಣ್ಣಗೆ ಹರಿದದ್ದು, ಸಂದಿಯನ್ನು ಹುಡುಕಿಕೊಂಡು, ಸಂದಿಗುಂಟ ಜಮಖಾನೆಯ ಕಡೆಗೆ ಬರುತ್ತಿತ್ತು.

ಒಬ್ಬೊಬ್ಬರದೇ ಬಾಯಿ ನಿಂತಿತು. ಯಾರೋ ಹೆಂಗಸು ಸೀರೆಯ ನಿರಿಗೆ ಎತ್ತಿಕೊಂಡಳು. ಸುಜಯೀಂದ್ರ ಕಣ್ಣು ತೆರೆದು ತಾಯಿಯನ್ನು ನೋಡಲಿಲ್ಲ, ನೆಲವನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಅವನು ನೋಡಿದ್ದನ್ನು ಕಂಡು ಉಳಿದವರೂ ಮಾಧವಿಯ ಕಡೆಗೆ ತಿರುಗಿದರು, ಸಹಜವಾಗಿ, ಕತ್ತಲಾದಾಗ ದೀಪದ ಗುಂಡಿಯ ಕಡೆ ನೋಡುವ ಹಾಗೆ. ಅಷ್ಟೂ ಕಣ್ಣುಗಳು ಅವಳ ಭುಜವನ್ನು ಹಿಡಿದು ಕೆಳಗೆ ಒತ್ತಿದಂತಾಯಿತು. ಅಡಿಗೆಮನೆಯ ಬಾಗಿಲ ಹಿಂದೆ ಬಟ್ಟೆ ಇದೆ. ಏಳಬೇಕು, ತರಬೇಕು, ಆ ಪಾದಗಳ ಬಳಿ ಕೂರಬೇಕು. ಮಂಡಿಗೆ ನೋವಿನ ನೆನಪು ಆಗಲೇ ಬಂದಿತ್ತು. ಎದ್ದರೆ ಎಲ್ಲರ ಉಸಿರು ಸಡಿಲಾಗುತ್ತದೆ, ಎಂಥ ಸೊಸೆ ಎನ್ನುತ್ತಾರೆ. ಏಳದಿದ್ದರೆ ಆ ಮುದುಕಿ ಹೀಗೆಯೇ, ಇಷ್ಟು ಜನರ ಮುಂದೆ, ತೊಯ್ದು ಕೂತಿರುತ್ತಾಳೆ. ಅದರ ಪಾಪ ತನ್ನದು. ಪಾಪವನ್ನೂ ತಾನೇ ಇಟ್ಟುಕೊಳ್ಳಬಹುದು ಎಂದುಕೊಂಡಳು ಮಾಧವಿ. ಅವಳು ಏಳಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಕಣ್ಣಿಗೆ ಕಣ್ಣು ಕೊಟ್ಟು ಕೂತಳು.

ಎದ್ದವರು ಮಥುರಾಬಾಯಿ. ಕುರ್ಚಿಯ ಕೈ ಹಿಡಿದು, ಆಮೇಲೆ ಗೋಡೆ ಹಿಡಿದು, ಹಿಂದಿನ ಖೋಲಿಗೆ ಹೋದರು. ನಾಚಿ ಹೋದರು ಎಂದುಕೊಂಡವರ ಮುಖದಲ್ಲಿ ನೆಮ್ಮದಿ ಕಂಡಿತು. ಪಾಂಡುರಂಗರಾಯರು ಗಂಟಲು ಸರಿಮಾಡಿಕೊಂಡು ಪಠಣ ಮುಂದುವರಿಸಲು ನೋಡಿದರು. ಅಷ್ಟರಲ್ಲಿ ಒಳಗಿನಿಂದ ಅದೇ ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು, ಗುಂಯ್ ಎಂಬ ಸದ್ದು ಎದ್ದಿತು. ಮಷೀನು ಬಾಗಿಲಿನಿಂದ ಹೊರಬಂತು. ಅದರ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅದು ಎಳೆದಷ್ಟು ನಡೆಯುತ್ತ, ಗೋಡೆಯ ಆಸರೆಯಿಲ್ಲದೆ ಮಥುರಾಬಾಯಿ. ತೊಯ್ದ ಸೀರೆಯ ಅಂಚು ಹಿಮ್ಮಡಿಗೆ ಅಂಟಿತ್ತು. ಸುಜಯೀಂದ್ರ ಧಡಕ್ಕನೆ ಎದ್ದು ಹಿಡಿಕೆಗೆ ಕೈ ಹಾಕಿದ. 'ಆಯಿ, ಬಿಡು, ಒಳಗ ನಡಿ.'

'ನೀ ಬಿಡು,' ಎಂದರು ಅವರು. ಜನರ ಕಡೆ ತಿರುಗಿ, 'ಯಾರೂ ಏಳಬ್ಯಾಡ್ರಿ. ಜಮಖಾನಿ ಅಷ್ಟ ಹಿಂದ ಸರಸ್ರಿ. ನಂದ ಅದು, ನಾನ ತಗೀತೀನಿ' ಎಂದರು.

ಅವಸರವಿಲ್ಲದೆ ಒರೆಸಿದರು. ಕುರ್ಚಿಯ ಕೆಳಗೆ, ಸಂದಿಗುಂಟ, ಮತ್ತೆ ಹಿಂದಕ್ಕೆ. ಒಂದು ಕಡೆ ಮಷೀನು ಜಮಖಾನೆಯ ಅಂಚನ್ನು ಕಚ್ಚಿದಾಗ ಅವರು ಮುಂದಕ್ಕೆ ವಾಲಿದರು. ಮಾಧವಿಯ ದೇಹ ತಾನಾಗಿಯೇ ಅರ್ಧ ಎದ್ದಿತ್ತು. ಅತ್ತೆ ಅವಳ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಅವಳು ಮತ್ತೆ ಕೂತಳು. ಆ ನೋಟದಲ್ಲಿ ಪ್ರೀತಿಯೇನೂ ಇರಲಿಲ್ಲ. ಕ್ಷಮಿಸಿದ ಗುರುತೂ ಇರಲಿಲ್ಲ, ಕ್ಷಮೆ ಕೇಳಿದ್ದೂ ಇರಲಿಲ್ಲ. ಆದರೆ ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡದೆ ನೆಟ್ಟಗೆ ನೋಡಿದ್ದು ಇದೇ ಮೊದಲು.

ಗುಂಡಿ ಒತ್ತಿ ಸದ್ದು ನಿಲ್ಲಿಸಿದ ಮೇಲೆ ಪಡಸಾಲೆ ಬಹಳ ದೊಡ್ಡದಾಗಿ ಕಂಡಿತು. ಮಥುರಾಬಾಯಿ ಕುರ್ಚಿಯ ಬೆನ್ನು ಹಿಡಿದು ಉಸಿರು ತೆಗೆದುಕೊಂಡರು. 'ಸುಜಯಾ,' ಎಂದರು, 'ಇದರ ಹೊಲಸ ನೀರಿನ ಡಬ್ಬಿ ಚೆಲ್ಲಿ ಬಾ. ನನಗ ಎತ್ತಲಿಕ್ಕೆ ಆಗೂದಿಲ್ಲ.'

ಅವನು ಮಡಿಯ ಧೋತರ ಉಟ್ಟಿದ್ದ, ಪೂಜೆಯಲ್ಲಿ ಹಣೆಗಿಟ್ಟುಕೊಂಡ ಅಂಗಾರ-ಅಕ್ಷತೆ ಇನ್ನೂ ಹಸಿಯಾಗಿತ್ತು. ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷ ಯಾವುದನ್ನೂ ನೋಡದೆ ಬದುಕಿದ ಮನುಷ್ಯನ ಮುಖ, ಎಲ್ಲರೂ ನೋಡುತ್ತಿರುವಾಗ, ಬತ್ತಲೆಯಾದಂತಿತ್ತು. ಮಾಧವಿಗೆ ಅಯ್ಯೋ ಎನಿಸಿತು. ಆದರೂ ಕೈ ಚಾಚಲಿಲ್ಲ. ಅವನು ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಡಬ್ಬಿ ಹೇಗೆ ಬರುತ್ತದೆಂದು ತಿಳಿಯದೆ ಅಲ್ಲಿ ಇಲ್ಲಿ ಎಳೆದ. 'ಜಗ್ಗಬ್ಯಾಡ್ರಿ,' ಎಂದಳು ಅವಳು ಕೂತಲ್ಲಿಂದಲೇ. 'ಮ್ಯಾಲೆ ಗುಂಡಿ ಅದ ನೋಡ್ರಿ, ಒತ್ತಿ ಎತ್ರಿ. ಸಾವಕಾಶ.' ಡಬ್ಬಿ ಕೈಗೆ ಬಂತು. ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ಜನರ ನಡುವಿನಿಂದ, ಮೈಯಿಂದ ದೂರ ಚಾಚಿಕೊಂಡು ಅವನು ಬಚ್ಚಲ ಕಡೆಗೆ ನಡೆದ. ಅವನು ಹಾದುಹೋದಂತೆ ಕೂತವರು ಕಾಲು ಮಡಚಿಕೊಂಡು ದಾರಿ ಕೊಟ್ಟರು.

'ಎಲ್ಲಿಗೆ ನಿಂತಿತ್ತು?' ಎಂದು ಮಥುರಾಬಾಯಿ ಕೇಳಿದರು. ಯಾರಿಗೂ ನೆನಪಿರಲಿಲ್ಲ. ಅವರು ನಿಂತೇ ನೆನಪು ಮಾಡಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಆ ನಾಮವನ್ನು ಮೊದಲಿನಿಂದ ಎತ್ತಿಕೊಂಡರು. ಪಾಂಡುರಂಗರಾಯರು ಕೂಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಬಚ್ಚಲಲ್ಲಿ ನೀರು ಚೆಲ್ಲಿದ ಸದ್ದಾಯಿತು. ನಂತರ ಅಲ್ಲಿಂದ ಸುಜಯೀಂದ್ರನ ಧ್ವನಿ ಬಂತು, ಮೆತ್ತಗೆ, ಯಾರನ್ನು ಕೇಳುತ್ತಿದ್ದೇನೆಂದು ಅವನಿಗೇ ಗೊತ್ತಿಲ್ಲದ ಹಾಗೆ.

'ಇದನ್ನ ತೊಳೀಬೇಕೇನು?'

'ಹೂಂ,' ಎಂದಳು ಮಾಧವಿ, ಪಠಣದ ಮೇಲೆ ಕೇಳಿಸುವಷ್ಟು ಗಟ್ಟಿಯಾಗಿ. 'ಕೈ ಹಾಕಿ ತೊಳೀರಿ.'